ಬಾಗಿಲು ತಟ್ಟಿದರೂ ಬಾರದ ಹಣ: ಬಿಬಿಸಿಯ ಲೈಸೆನ್ಸ್ ಶುಲ್ಕ ಸೋರುತ್ತಿರುವುದೆಲ್ಲಿ?

ಬ್ರಿಟನ್ನಿನಲ್ಲಿ ಟಿ.ವಿ. ನೋಡುವ ಮನೆಯೊಂದು 2026ರ ಏಪ್ರಿಲ್ 1ರಿಂದ ವರ್ಷಕ್ಕೆ 180 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿಗೂ ಹೆಚ್ಚು. ಹಿಂದಿನ ವರ್ಷ ಅದು 174.50 ಪೌಂಡ್ ಇತ್ತು, ಅದರ ಹಿಂದಿನ ವರ್ಷ 169.50. ಶುಲ್ಕ ಹೀಗೆ ಏರುತ್ತಿದ್ದರೂ ಆ ಹಣದಲ್ಲಿ ನಡೆಯುವ ಬಿಬಿಸಿ ವಾಹಿನಿಗಳನ್ನು ಒಂದರೊಳಗೊಂದು ಸೇರಿಸುತ್ತಿದೆ, ಕಾರ್ಯಕ್ರಮಗಳ ಅವಧಿಯನ್ನು ಮೊಟಕುಗೊಳಿಸುತ್ತಿದೆ, ಕೆಲವನ್ನು ನಿಲ್ಲಿಸಿಯೇಬಿಟ್ಟಿದೆ. ವರ್ಷಕ್ಕೆ 100 ಕೋಟಿ ಪೌಂಡಿಗೂ ಹೆಚ್ಚು ಹಣ ಸಂಸ್ಥೆಯ ಕೈಸೇರುತ್ತಿಲ್ಲ ಎಂದು ಅಲ್ಲಿನ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2025ರ ನವೆಂಬರ್‌ನಲ್ಲಿ ಹೇಳಿತು.

ಶುಲ್ಕ ಏರಿದ ಮೇಲೂ ಹಣಕ್ಕೆ ಬರ ಏಕೆ? ಕಟ್ಟದವರನ್ನು ಹಿಡಿದು ಕಟ್ಟಿಸಲು ಏನು ಅಡ್ಡಿ? ಇದಕ್ಕೆ ಉತ್ತರ ಬೇಕೆಂದರೆ ಮೊದಲು ಈ ಶುಲ್ಕ ನಿಜಕ್ಕೂ ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಗೊಂದಲದ ಬಹುಪಾಲು ಅಲ್ಲೇ ಇದೆ.

ಶುಲ್ಕ ಪೆಟ್ಟಿಗೆಗಲ್ಲ, ನೋಡುವ ರೀತಿಗೆ

1922ರ ನವೆಂಬರ್‌ನಲ್ಲಿ ಬ್ರಿಟನ್ ರೇಡಿಯೊ ಕೇಳುವವರಿಗೆ 10 ಷಿಲಿಂಗಿನ ಲೈಸೆನ್ಸ್ ತಂದಿತು. 1927ರಲ್ಲಿ ಬಿಬಿಸಿ ರಾಜಸನ್ನದಿನ, ಅಂದರೆ ದೊರೆಯ ಹೆಸರಿನಲ್ಲಿ ಕೊಡುವ ಅಧಿಕಾರಪತ್ರದ, ಮೇಲೆ ನಡೆಯುವ ನಿಗಮವಾಯಿತು. 1946ರ ಜೂನ್‌ನಲ್ಲಿ 2 ಪೌಂಡಿನ ಟಿ.ವಿ. ಲೈಸೆನ್ಸ್ ಬಂತು, 1968ರಲ್ಲಿ ಬಣ್ಣದ ಟಿ.ವಿ.ಗೆ ಹೆಚ್ಚುವರಿ ಶುಲ್ಕ ಸೇರಿತು. ರೇಡಿಯೊಗೆಂದೇ ಇದ್ದ ಲೈಸೆನ್ಸ್ 1971ರಲ್ಲಿ ರದ್ದಾಯಿತು. ಆ ಕಾಲದಲ್ಲಿ ಪೆಟ್ಟಿಗೆ ಇದೆಯೆಂದರೆ ನೋಡುತ್ತಾರೆಂದೇ ಅರ್ಥ. ಪೆಟ್ಟಿಗೆ ಎಣಿಸಿದರೆ ಶುಲ್ಕದ ಲೆಕ್ಕ ಸಿಗುತ್ತಿತ್ತು.

ಈಗ ನಿಯಮ ಬೇರೆ. ಯಾವುದೇ ವಾಹಿನಿಯ ಕಾರ್ಯಕ್ರಮವನ್ನು ಪ್ರಸಾರವಾಗುತ್ತಿರುವ ಹೊತ್ತಿಗೇ, ಅಂದರೆ ಲೈವ್ ಆಗಿ, ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ ಲೈಸೆನ್ಸ್ ಬೇಕು. ಅದು ಬಿಬಿಸಿಯ ವಾಹಿನಿಯೇ ಆಗಿರಬೇಕಿಲ್ಲ. ಟಿ.ವಿ., ಲ್ಯಾಪ್‌ಟಾಪ್, ಫೋನ್ ಯಾವುದರಲ್ಲಿ ನೋಡಿದರೂ ಅಷ್ಟೇ. ಇದರ ಜೊತೆಗೆ ಬಿಬಿಸಿಯ ಆನ್‌ಲೈನ್ ಸೇವೆಯಾದ ಐಪ್ಲೇಯರ್‌ನಲ್ಲಿ ಹಳೆಯ ಕಾರ್ಯಕ್ರಮ ನೋಡಲೂ 2016ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಕಡ್ಡಾಯ. ಆದರೆ ಮನೆಯಲ್ಲಿ ಟಿ.ವಿ. ಇದ್ದು, ಅದರಲ್ಲಿ ನೆಟ್‌ಫ್ಲಿಕ್ಸ್ ಸಿನಿಮಾ, ಯೂಟ್ಯೂಬಿನ ಸಾಮಾನ್ಯ ವಿಡಿಯೊ, ಡಿವಿಡಿ ಅಥವಾ ಆಟಗಳನ್ನಷ್ಟೇ ನೋಡಿದರೆ ಲೈಸೆನ್ಸ್ ಬೇಕಿಲ್ಲ.

ಬ್ರಿಟನ್ನಿಗೆ ಓದಲು, ದುಡಿಯಲು ಹೋಗುವ ಕನ್ನಡಿಗರು ಎಡವುವುದು ಇಲ್ಲೇ. ‘ನಾವು ಬಿಬಿಸಿ ನೋಡುವುದೇ ಇಲ್ಲ, ಕನ್ನಡ ಚಾನೆಲ್ ಮಾತ್ರ’ ಎಂಬ ವಾದ ನಿಲ್ಲುವುದಿಲ್ಲ. ಕನ್ನಡ ವಾಹಿನಿಯ ಧಾರಾವಾಹಿಯನ್ನು ಪ್ರಸಾರದ ಹೊತ್ತಿಗೇ ನೋಡಿದರೂ, ಕನ್ನಡ ಸುದ್ದಿವಾಹಿನಿಯ ನೇರಪ್ರಸಾರವನ್ನು ಯೂಟ್ಯೂಬಿನಲ್ಲಿ ನೋಡಿದರೂ, ಆರ್‌ಸಿಬಿ ಪಂದ್ಯವನ್ನು ಲೈವ್ ನೋಡಿದರೂ ಲೈಸೆನ್ಸ್ ಬೇಕು. ಅದೇ ಧಾರಾವಾಹಿಯನ್ನು ಮರುದಿನ ಆ್ಯಪ್‌ನಲ್ಲಿ ನೋಡಿದರೆ ಬೇಡ. ಬಾಡಿಗೆ ಮನೆಯನ್ನು ಹಂಚಿಕೊಂಡವರು ಎಲ್ಲರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು. ಕೋಣೆಗೊಂದು ಕರಾರಿದ್ದರೆ ಪ್ರತಿ ಕೋಣೆಗೂ ಬೇರೆ. ಹಾಸ್ಟೆಲಿನ ವಿದ್ಯಾರ್ಥಿಗೆ ಬ್ರಿಟನ್ನಿನಲ್ಲೇ ಇರುವ ತಂದೆತಾಯಿಯ ಲೈಸೆನ್ಸ್ ಅನ್ವಯವಾಗುವುದು ಬ್ಯಾಟರಿಯಲ್ಲಿ ನಡೆಯುವ, ಕರೆಂಟಿಗೆ ಸಿಕ್ಕಿಸದ ಸಾಧನದಲ್ಲಿ ನೋಡಿದಾಗ ಮಾತ್ರ. ಚಾರ್ಜರ್ ಸಿಕ್ಕಿಸಿ ಲೈವ್ ನೋಡಿದರೆ ಆ ರಕ್ಷಣೆ ಹೋಯಿತು.

ಕಟ್ಟುವ ಕ್ರಮವೂ ಹೊಸಬರನ್ನು ದಂಗುಬಡಿಸುತ್ತದೆ. ತಿಂಗಳ ಡೈರೆಕ್ಟ್ ಡೆಬಿಟ್, ಅಂದರೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವ ಕಂತು, ಆಯ್ದುಕೊಂಡರೆ ಕಂತು 15 ಪೌಂಡ್ ಆಗಬೇಕೆಂದು ಜನ ಎಣಿಸುತ್ತಾರೆ. ಆದರೆ ಮಾಮೂಲಿ ಯೋಜನೆಯಲ್ಲಿ ಮೊದಲ ಲೈಸೆನ್ಸಿನ ಹಣವನ್ನು ಆರೇ ತಿಂಗಳಲ್ಲಿ ಮುಗಿಸಿಕೊಳ್ಳುವುದರಿಂದ ಮೊದಲ ಆರು ಕಂತುಗಳು ತಲಾ 30 ಪೌಂಡ್ ಆಗುತ್ತವೆ, ಆಮೇಲೆ 15ಕ್ಕೆ ಇಳಿಯುತ್ತವೆ. ಅರ್ಧದಲ್ಲಿ ದೇಶ ಬಿಟ್ಟರೆ, ಲೈಸೆನ್ಸಿನಲ್ಲಿ ಕನಿಷ್ಠ ಒಂದು ಪೂರ್ಣ ತಿಂಗಳು ಉಳಿದಿದ್ದರೆ, ಉಳಿದ ಹಣ ವಾಪಸು ಕೇಳಬಹುದು. ಬಹಳ ಜನ ಇದನ್ನು ಕೇಳದೆಯೇ ಹೊರಟುಬಿಡುತ್ತಾರೆ.

ವಸೂಲಿಯ ಯಂತ್ರ ಮತ್ತು ಅದು ಕೆಡುವ ಜಾಗ

ಶುಲ್ಕ ವಸೂಲಿಯ ಹೊಣೆ ಬಿಬಿಸಿಯದೇ. ‘ಟಿವಿ ಲೈಸೆನ್ಸಿಂಗ್’ ಎಂಬುದು ಆ ಕೆಲಸಕ್ಕೆ ಇಟ್ಟುಕೊಂಡಿರುವ ಹೆಸರು, ಮನೆಮನೆ ಸುತ್ತುವ ಕೆಲಸ ಕ್ಯಾಪಿಟಾ ಎಂಬ ಗುತ್ತಿಗೆ ಕಂಪನಿಯದು. ಈ ಯಂತ್ರ ವ್ಯಕ್ತಿಯ ಹೆಸರಿನ ಮೇಲೆ ನಡೆಯುವುದಿಲ್ಲ, ವಿಳಾಸದ ಮೇಲೆ ನಡೆಯುತ್ತದೆ. ದೇಶದ ಎಲ್ಲ ವಿಳಾಸಗಳ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದ್ದು ಕಂಡರೆ ಅಲ್ಲಿಗೆ ‘ಕಾನೂನುಬದ್ಧ ನಿವಾಸಿಗೆ’ ಎಂದು ಬರೆದ ಪತ್ರಗಳು ಹೋಗುತ್ತವೆ. ಒಂದಕ್ಕಿಂತ ಮುಂದಿನದರ ಧ್ವನಿ ಗಡುಸಾಗುತ್ತದೆ. ಲೈಸೆನ್ಸ್ ಬೇಕಿಲ್ಲದವರು ಆನ್‌ಲೈನಿನಲ್ಲಿ ಹಾಗೆಂದು ಘೋಷಿಸಬಹುದು, ಕಾಲಕಾಲಕ್ಕೆ ಅದನ್ನು ಮತ್ತೆ ಖಚಿತಪಡಿಸಬೇಕು.

ಪತ್ರಕ್ಕೆ ಮೌನವೇ ಉತ್ತರವಾದರೆ ಅಧಿಕಾರಿ ಬಾಗಿಲಿಗೆ ಬರುತ್ತಾರೆ. ಮನೆಯವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವ ಹಕ್ಕು ಅವರಿಗಿಲ್ಲ. ಮ್ಯಾಜಿಸ್ಟ್ರೇಟರಿಂದ ಶೋಧನಾ ವಾರಂಟ್ ತರಬಹುದು, ಆದರೆ ಅದು ಅಪರೂಪ. ಹಾಗಾಗಿ ಪ್ರಕರಣ ನಿಲ್ಲುವುದು ಹೆಚ್ಚಾಗಿ ಒಂದೇ ಆಧಾರದ ಮೇಲೆ: ಬಾಗಿಲು ತೆರೆದವರು ತಾವಾಗಿ ಕೊಟ್ಟ ಹೇಳಿಕೆ ಮತ್ತು ಅದಕ್ಕೆ ಹಾಕಿದ ಸಹಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಪ್ರಕರಣಗಳನ್ನು ಬಹುತೇಕ ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದಪತ್ರ ನೋಡಿ, ಆರೋಪಿ ಹಾಜರಿಲ್ಲದೆಯೇ ತೀರ್ಮಾನಿಸುತ್ತಾರೆ. ದಂಡ ಗರಿಷ್ಠ 1,000 ಪೌಂಡ್. ಶುಲ್ಕ ಕಟ್ಟದ್ದಕ್ಕೆ ಜೈಲಿಲ್ಲ, ಆದರೆ ಕೋರ್ಟ್ ಹಾಕಿದ ದಂಡವನ್ನೂ ಕಟ್ಟದಿದ್ದರೆ ಆ ಸಾಧ್ಯತೆ ಇದೆ.

ಈ ವ್ಯವಸ್ಥೆಯ ದೋಷ ಅದರ ಕಟ್ಟೋಣದಲ್ಲೇ ಇದೆ. ಬಾಗಿಲು ತೆರೆದು ಮಾತಾಡಿದವರಷ್ಟೇ ಸಿಕ್ಕಿಬೀಳುತ್ತಾರೆ. ಹಗಲಲ್ಲಿ ಮನೆಯಲ್ಲಿರುವವರು, ಒಂಟಿಯಾಗಿ ಮಕ್ಕಳನ್ನು ಸಾಕುವವರು, ಕಾನೂನಿನ ಸೂಕ್ಷ್ಮ ತಿಳಿಯದವರು ಆ ಗುಂಪಿನಲ್ಲಿ ಹೆಚ್ಚು. ಶಿಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಭಾಗ ಮಹಿಳೆಯರು. ಮಹಿಳೆಯರು ಹೆಚ್ಚು ತಪ್ಪಿಸುತ್ತಾರೆ ಎಂದು ಇದರ ಅರ್ಥವಲ್ಲ, ಬಾಗಿಲಲ್ಲಿ ಸಿಗುವವರು ಅವರು ಎಂದಷ್ಟೇ. ಒಂದು ಸಾರ್ವಜನಿಕ ಸಂಸ್ಥೆಯ ಹಣ ಹೀಗೆ ಬಡ ಮನೆಯ ಹೆಣ್ಣುಮಕ್ಕಳ ಮೇಲಿನ ಕ್ರಿಮಿನಲ್ ಪ್ರಕರಣಗಳ ಭಯದ ಮೇಲೆ ನಿಂತಿರುವುದು ನ್ಯಾಯವಲ್ಲ. ಇದನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯುವ ಬಗ್ಗೆ ಸರ್ಕಾರ 2020ರಲ್ಲಿ ಅಭಿಪ್ರಾಯ ಕೇಳಿತ್ತು. 2021ರ ಜನವರಿಯಲ್ಲಿ, ಸದ್ಯಕ್ಕೆ ಬೇಡ ಎಂದಿತು. ಸಿವಿಲ್ ಬಾಕಿಯಾದರೆ ಸಾಲ ವಸೂಲಿಗಾರರು ಮನೆಗೆ ಬರುವಂತಾಗಿ, ಬಡವರ ಪಾಡು ಇನ್ನೂ ಕೆಡಬಹುದೆಂಬ ಆತಂಕವೂ ಆ ಚರ್ಚೆಯಲ್ಲಿತ್ತು.

ಹೆಚ್ಚು ಜನರನ್ನು ಕಳಿಸಿದರೆ ಹೆಚ್ಚು ಹಣ ಬರುತ್ತದೆಯೇ? ಆ ಪ್ರಯತ್ನ ಆಗಿಹೋಗಿದೆ. 2024–25ರಲ್ಲಿ ಲೈಸೆನ್ಸ್ ಇಲ್ಲದ ಮನೆಗಳಿಗೆ ಸುಮಾರು 20 ಲಕ್ಷ ಭೇಟಿಗಳಾದವು, ಹಿಂದಿನ ವರ್ಷಕ್ಕಿಂತ ಶೇ 50ರಷ್ಟು ಹೆಚ್ಚು. ಲೈಸೆನ್ಸ್ ಮಾರಾಟವಾಗಲಿ ಮೊಕದ್ದಮೆಗಳಾಗಲಿ ಅದಕ್ಕೆ ತಕ್ಕಂತೆ ಏರಲಿಲ್ಲ. ಜನ ಬಾಗಿಲು ತೆರೆಯುವುದನ್ನೇ ಕಡಿಮೆ ಮಾಡಿದ್ದಾರೆ. ತೆರೆದರೂ, ಕೈಯಲ್ಲಿರುವ ಫೋನಿನಲ್ಲಿ ಓಡುತ್ತಿರುವುದು ನೇರಪ್ರಸಾರವೋ ನಿನ್ನೆಯದೋ ಎಂದು ಹೊಸ್ತಿಲಲ್ಲಿ ನಿಂತವರಿಗೆ ತಿಳಿಯುವುದು ಹೇಗೆ? ಹಿಂದೆ ಚಾವಣಿಯ ಮೇಲಿನ ಆಂಟೆನಾವೇ ಸಾಕ್ಷಿಯಾಗಿತ್ತು.

ಐಪ್ಲೇಯರ್ ಒಳಗೂ ಇದೇ ಕತೆ. ಅಲ್ಲಿ ಖಾತೆ ತೆರೆದು ಲಾಗಿನ್ ಆಗಬೇಕು, ‘ನಿಮ್ಮಲ್ಲಿ ಟಿ.ವಿ. ಲೈಸೆನ್ಸ್ ಇದೆಯೇ’ ಎಂಬ ಪ್ರಶ್ನೆ ಬರುತ್ತದೆ, ‘ಇದೆ’ ಎಂದು ಒತ್ತಿದರೆ ಸಾಕು. ಲೈಸೆನ್ಸ್ ಸಂಖ್ಯೆಯನ್ನು ಯಾರೂ ತಾಳೆ ನೋಡುವುದಿಲ್ಲ. ಖಾತೆ ವ್ಯಕ್ತಿಯದು, ಲೈಸೆನ್ಸ್ ವಿಳಾಸದ್ದು. ಒಂದು ಮನೆಯಲ್ಲಿ ನಾಲ್ಕು ಖಾತೆಗಳಿರಬಹುದು, ಲೈಸೆನ್ಸ್ ಅಜ್ಜನ ಹೆಸರಿನಲ್ಲಿರಬಹುದು. ಎರಡನ್ನೂ ಜೋಡಿಸುವುದು ತಾಂತ್ರಿಕವಾಗಿ ಆಗದ ಕೆಲಸವಲ್ಲ. ಆದರೆ ಜೋಡಿಸಿದರೆ ಪ್ರಾಮಾಣಿಕವಾಗಿ ಕಟ್ಟುವ ಮನೆಯ ಸದಸ್ಯರೇ ಹೊರಗುಳಿಯುವ ಅಪಾಯವಿದೆ. ಯಾರು ಏನು ನೋಡುತ್ತಾರೆ ಎಂಬ ಮಾಹಿತಿಯನ್ನು ವಸೂಲಿಗೆ ಬಳಸಬಹುದೇ ಎಂಬ ಖಾಸಗಿತನದ ಪ್ರಶ್ನೆಯೂ ಏಳುತ್ತದೆ.

ಎರಡು ಸೋರಿಕೆಗಳನ್ನು ಒಂದೇ ಎನ್ನಬಾರದು

ಸುದ್ದಿಯಲ್ಲಿ ಬಂದ 100 ಕೋಟಿ ಪೌಂಡಿನ ಅಂಕಿಯನ್ನು ಬಿಡಿಸಿ ನೋಡಬೇಕು. ಅದರಲ್ಲಿ ಸುಮಾರು 55 ಕೋಟಿ ಪೌಂಡ್ ನಿಜವಾದ ತಪ್ಪಿಸಿಕೊಳ್ಳುವಿಕೆ: ಲೈಸೆನ್ಸ್ ಬೇಕಾದವರಲ್ಲಿ ಶೇ 12.5ರಷ್ಟು ಕಟ್ಟುತ್ತಿಲ್ಲ ಎಂಬ ಅಂದಾಜು. ಉಳಿದದ್ದು, 61 ಕೋಟಿಗೂ ಹೆಚ್ಚು, ‘ನಮಗೆ ಲೈಸೆನ್ಸ್ ಬೇಕಿಲ್ಲ’ ಎಂದು ಘೋಷಿಸಿದ 36 ಲಕ್ಷ ಮನೆಗಳದ್ದು. 36 ಲಕ್ಷವನ್ನು ಆಗಿನ 169.50ರಿಂದ ಗುಣಿಸಿದರೆ ಬರುವ ಮೊತ್ತವೇ ಹೆಚ್ಚುಕಡಿಮೆ ಅದು.

ಮೊದಲನೆಯದು ಕಾನೂನು ಮುರಿದವರ ಬಾಕಿ. ಎರಡನೆಯದರಲ್ಲಿ ಸುಳ್ಳು ಘೋಷಣೆಗಳೂ ಇರಬಹುದು, ಆದರೆ ಬಹಳಷ್ಟು ಜನ ನಿಜಕ್ಕೂ ಲೈವ್ ಟಿ.ವಿ. ಬಿಟ್ಟಿದ್ದಾರೆ. ಅವರು ಕಾನೂನಿನ ಪ್ರಕಾರವೇ ಹೊರಗಿದ್ದಾರೆ, ಅವರಿಂದ ಹಣ ಕೇಳುವ ಹಕ್ಕು ಯಾರಿಗೂ ಇಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ 2025ರ ಜುಲೈನಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ ಅತಿ ಹೆಚ್ಚು ನೋಡುವ ಸೇವೆಗಳಲ್ಲಿ ಬಿಬಿಸಿಯ ನಂತರದ ಸ್ಥಾನ ಈಗ ಯೂಟ್ಯೂಬಿಗೆ. ಖಾಸಗಿ ವಾಹಿನಿ ಐಟಿವಿ ಅದರ ಹಿಂದಾಗಿದೆ. ಯೂಟ್ಯೂಬಿನ ಬಹುಪಾಲು ವಿಡಿಯೊಗಳಿಗೆ ಲೈಸೆನ್ಸ್ ಬೇಡ. ಶುಲ್ಕವನ್ನು ಯಾವ ಅಭ್ಯಾಸಕ್ಕೆ ಕಟ್ಟಿಹಾಕಿದ್ದಾರೋ ಆ ಅಭ್ಯಾಸವನ್ನೇ ಜನ ಬಿಡುತ್ತಿದ್ದಾರೆ. ಆದ್ದರಿಂದ ವಸೂಲಿಯನ್ನು ಎಷ್ಟೇ ಬಿಗಿಗೊಳಿಸಿದರೂ ಸೋರಿಕೆಯ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿಯುತ್ತದೆ. 2025ರ ಮಾರ್ಚ್ ಅಂತ್ಯಕ್ಕೆ ಚಾಲ್ತಿಯಲ್ಲಿದ್ದ ಲೈಸೆನ್ಸ್ 2.38 ಕೋಟಿ. ಒಂದೇ ವರ್ಷದಲ್ಲಿ 3 ಲಕ್ಷ ಇಳಿದಿತ್ತು.

ಕಾರ್ಯಕ್ರಮಗಳಿಗೆ ಬಿದ್ದ ಕತ್ತರಿ

ಈಗಿನ ಕಡಿತಗಳ ಬೇರು 2010ರಲ್ಲಿದೆ. ಆ ವರ್ಷ 145.50 ಪೌಂಡಿಗೆ ನಿಂತ ಶುಲ್ಕ 2017ರವರೆಗೆ ಒಂದು ಪೆನ್ನಿಯೂ ಏರಲಿಲ್ಲ. 2022ರಿಂದ 2024ರವರೆಗೆ, ಬೆಲೆ ಏರಿಕೆ ವಿಪರೀತವಾಗಿದ್ದ ಎರಡು ವರ್ಷ, ಮತ್ತೆ 159ಕ್ಕೇ ನಿಂತಿತ್ತು. ಅದೇ ಅವಧಿಯಲ್ಲಿ ಹೊರೆಗಳು ಒಂದೊಂದಾಗಿ ಬಂದವು. ಹೊರದೇಶಗಳಿಗೆ ಪ್ರಸಾರ ಮಾಡುವ, ವಿದೇಶಾಂಗ ಇಲಾಖೆ ಭರಿಸುತ್ತಿದ್ದ ವರ್ಲ್ಡ್ ಸರ್ವಿಸ್‌ನ ಖರ್ಚು 2014ರ ಏಪ್ರಿಲ್‌ನಿಂದ ಲೈಸೆನ್ಸ್ ಶುಲ್ಕದ ಮೇಲೆ ಬಿತ್ತು (ಸರ್ಕಾರ ಆಮೇಲೆ ಸ್ವಲ್ಪ ಅನುದಾನ ಕೊಡತೊಡಗಿತು). ವೇಲ್ಸ್ ಭಾಷೆಯ ಎಸ್‌4ಸಿ ವಾಹಿನಿಯ ಸಾರ್ವಜನಿಕ ಹಣವೂ 2022ರಿಂದ ಪೂರ್ತಿ ಇದರಿಂದಲೇ. 75 ವರ್ಷ ದಾಟಿದವರಿಗೆ 2000ದಿಂದ ಲೈಸೆನ್ಸ್ ಉಚಿತವಾಗಿತ್ತು, ಸರ್ಕಾರ ಆ ಹಣ ತುಂಬಿಕೊಡುತ್ತಿತ್ತು. 2015ರ ಒಪ್ಪಂದದಲ್ಲಿ ಅದನ್ನೂ ಬಿಬಿಸಿಯ ತಲೆಗೆ ಕಟ್ಟಲಾಯಿತು. ಎಲ್ಲರಿಗೂ ಉಚಿತವನ್ನು ಮುಂದುವರಿಸಿದ್ದರೆ ವರ್ಷಕ್ಕೆ 74.5 ಕೋಟಿ ಪೌಂಡ್, ಬಜೆಟ್ಟಿನ ಐದನೇ ಒಂದು ಭಾಗ, ಹೋಗುತ್ತಿತ್ತು. 2020ರ ಆಗಸ್ಟ್ 1ರಿಂದ ಪೆನ್ಷನ್ ಕ್ರೆಡಿಟ್ ಎಂಬ ನೆರವು ಪಡೆಯುವ ಬಡ ಹಿರಿಯರಿಗಷ್ಟೇ ಉಚಿತ ಉಳಿಯಿತು. ತೀರ್ಮಾನದ ಬೀಜ ಬಿತ್ತಿದ್ದು ಸರ್ಕಾರ, ಹಿರಿಯರ ಸಿಟ್ಟು ಎದುರಿಸಿದ್ದು ಬಿಬಿಸಿ.

ಪರಿಣಾಮ ತೆರೆಯ ಮೇಲೆ ಕಂಡಿತು. 2023ರ ಏಪ್ರಿಲ್‌ನಲ್ಲಿ ದೇಶದೊಳಗಿನ ಸುದ್ದಿವಾಹಿನಿಯನ್ನೂ ವಿದೇಶಗಳಿಗೆ ಹೋಗುವ ವರ್ಲ್ಡ್ ನ್ಯೂಸನ್ನೂ ಸೇರಿಸಲಾಯಿತು. ಇಂಗ್ಲೆಂಡಿನ 39 ಸ್ಥಳೀಯ ರೇಡಿಯೊ ಕೇಂದ್ರಗಳು ಮಧ್ಯಾಹ್ನದ ನಂತರದ ಹೊತ್ತಿನ ಬಹಳಷ್ಟು ಕಾರ್ಯಕ್ರಮಗಳನ್ನು ನೆರೆಯ ಕೇಂದ್ರಗಳೊಂದಿಗೆ ಹಂಚಿಕೊಳ್ಳಬೇಕಾಯಿತು. ‘ನ್ಯೂಸ್‌ನೈಟ್’ ಎಂಬ ರಾತ್ರಿಯ ಸುದ್ದಿ ಕಾರ್ಯಕ್ರಮ 2024ರ ಮೇನಲ್ಲಿ ಅರ್ಧ ಗಂಟೆಗೆ ಇಳಿಯಿತು, ತನಿಖಾ ವರದಿಗಳ ಜಾಗಕ್ಕೆ ಮಾತುಕತೆ ಬಂತು. ‘ಹಾರ್ಡ್‌ಟಾಕ್’ ಎಂಬ ಸಂದರ್ಶನ ಕಾರ್ಯಕ್ರಮ 2025ರ ಮಾರ್ಚ್‌ನಲ್ಲಿ ನಿಂತಿತು. ಯುವಜನರಿಗೆಂದಿದ್ದ ಬಿಬಿಸಿ ತ್ರೀ 2016ರಲ್ಲಿ ಟಿ.ವಿ.ಯಿಂದ ಅಂತರ್ಜಾಲಕ್ಕೆ ಹೋಗಿ, 2022ರ ಫೆಬ್ರುವರಿಯಲ್ಲಿ ಮರಳಿತು. ಆ ನಡುವಿನ ಆರು ವರ್ಷ, ಯುವಕರು ಟಿ.ವಿ. ಬಿಡುತ್ತಿದ್ದ ಹೊತ್ತಿನಲ್ಲೇ, ಅವರಿಗೆಂದು ಇದ್ದ ವಾಹಿನಿ ಟಿ.ವಿ.ಯಲ್ಲಿ ಇರಲಿಲ್ಲ.

ಭಾರತಕ್ಕೂ ಇದರ ಬಿಸಿ ತಟ್ಟಿದೆ. 1940ರ ಮೇನಲ್ಲಿ ಶುರುವಾಗಿದ್ದ ಬಿಬಿಸಿ ಹಿಂದಿಯ ರೇಡಿಯೊ ಪ್ರಸಾರ 2020ರ ಜನವರಿಯಲ್ಲಿ ಕೊನೆಗೊಂಡಿತು. ಅದಕ್ಕೂ ಮೊದಲು 2017ರಲ್ಲಿ ತಮಿಳು ರೇಡಿಯೊ ನಿಂತಿತ್ತು. ಅದೇ ವರ್ಷ ಬ್ರಿಟಿಷ್ ಸರ್ಕಾರದ ವಿಶೇಷ ಅನುದಾನದಿಂದ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಡಿಜಿಟಲ್ ಸೇವೆಗಳು ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಕಡಿತಗಳ ಲೆಕ್ಕಾಚಾರದಲ್ಲಿ ಒಂದು ಕೊಂಡಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಸ್ಥಳೀಯ ರೇಡಿಯೊ ಕೇಳುವ 70ರ ಅಜ್ಜಿ, ನ್ಯೂಸ್‌ನೈಟ್ ನೋಡುವ ಮೇಷ್ಟ್ರು ಇಂಥವರೇ ಶುಲ್ಕವನ್ನು ತಕರಾರಿಲ್ಲದೆ ಕಟ್ಟುವವರು. ಉಳಿತಾಯಕ್ಕೆಂದು ಅವರ ಕಾರ್ಯಕ್ರಮವನ್ನು ಕತ್ತರಿಸಿದರೆ ‘ಇನ್ನು ಯಾಕೆ ಕಟ್ಟಬೇಕು’ ಎಂಬ ಪ್ರಶ್ನೆ ಅವರಲ್ಲೂ ಹುಟ್ಟುತ್ತದೆ. ಕಟ್ಟುವವರು ಕಡಿಮೆಯಾದರೆ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಮುಂದಿನ ಕಡಿತ ಬರುತ್ತದೆ.

ಚಂದಾ ಮಾಡಿದರೆ ಮುಗಿಯಿತಲ್ಲ?

ಬಿಬಿಸಿಯನ್ನು ಒಲ್ಲದವರ ವಾದ ಸರಳ: ಬೇಕಾದವರು ಚಂದಾ ಕಟ್ಟಿ ನೋಡಲಿ, ಬೇಡದವರನ್ನು ಕೋರ್ಟಿಗೆ ಎಳೆಯಬೇಡಿ. ಈ ವಾದದಲ್ಲಿ ನ್ಯಾಯವಿದೆ, ತಳ್ಳಿಹಾಕುವಂಥದ್ದಲ್ಲ. ಅಡ್ಡಿ ಬರುವುದು ಜಾರಿಯಲ್ಲಿ.

2002ರಲ್ಲಿ ಬಂದ ಫ್ರೀವ್ಯೂ ಎಂಬ ಉಚಿತ ಡಿಜಿಟಲ್ ಪ್ರಸಾರ ಆಂಟೆನಾ ಮೂಲಕ ಮನೆಗೆ ತಲುಪುತ್ತದೆ. ಅದರ ಸಾಮಾನ್ಯ ಬಾಕ್ಸ್‌ಗಳಲ್ಲಿ ನಮ್ಮ ಡಿಟಿಎಚ್ ಬಾಕ್ಸಿನಲ್ಲಿರುವಂಥ ಕಾರ್ಡ್ ವ್ಯವಸ್ಥೆ ಇಲ್ಲ. ಆದ್ದರಿಂದ ಕಟ್ಟದ ಮನೆಗೆ ಮಾತ್ರ ಬಿಬಿಸಿಯನ್ನು ನಿಲ್ಲಿಸಲು ಆಗುವುದಿಲ್ಲ. ರೇಡಿಯೊಗಂತೂ ಬೀಗ ಹಾಕುವ ಮಾತೇ ಇಲ್ಲ. ಎಲ್ಲರೂ ಅಂತರ್ಜಾಲದ ಮೂಲಕವೇ ನೋಡುವ ದಿನ ಬಂದರೆ ಚಂದಾ ಸಾಧ್ಯ. ಫ್ರೀವ್ಯೂ ಪ್ರಸಾರಕ್ಕೆ ಈಗಿರುವ ಭರವಸೆ 2034ರವರೆಗೆ. ಅಂತರ್ಜಾಲ ಇಲ್ಲದ ಹಿರಿಯರಿಗೆ, ಹಳ್ಳಿಗಳಿಗೆ ಆ ಆಂಟೆನಾವೇ ಆಸರೆ.

ಇನ್ನೊಂದು ತೊಡಕು ಖರ್ಚಿನದು. ಸುದ್ದಿಮನೆ, ಮಕ್ಕಳ ಕಾರ್ಯಕ್ರಮ, ವೇಲ್ಸ್ ಭಾಷೆಯ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಪ್ರಸಾರ ಇವುಗಳ ವೆಚ್ಚ ನೋಡುಗರು ಅರ್ಧವಾದರೂ ಅರ್ಧವಾಗುವುದಿಲ್ಲ. ಚಂದಾದಾರರು ಕಡಿಮೆಯಾದಷ್ಟೂ ಒಬ್ಬೊಬ್ಬರ ಚಂದಾ ಏರಬೇಕು, ಇಲ್ಲವೇ ಹಣ ತರದ ಕಾರ್ಯಕ್ರಮಗಳು ಮೊದಲು ಹೋಗಬೇಕು. ಜಾಹೀರಾತು ಹಾಕಿದರೆ ಐಟಿವಿ, ಚಾನೆಲ್ 4 ಬದುಕುತ್ತಿರುವ ಅದೇ ಜಾಹೀರಾತಿನ ಹಣವನ್ನು ಬಿಬಿಸಿ ಕಿತ್ತುಕೊಂಡಂತಾಗುತ್ತದೆ. ಖಾಸಗಿ ವಾಹಿನಿಗಳೇ ಇದನ್ನು ಬಯಸದಿರುವುದು ಅದಕ್ಕೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಜರ್ಮನಿ 2013ರಿಂದ, ಟಿ.ವಿ. ಇರಲಿ ಇಲ್ಲದಿರಲಿ, ಮನೆಗೊಂದು ವಂತಿಗೆ ಪಡೆಯುತ್ತದೆ. 2021ರಿಂದ ಅದು ತಿಂಗಳಿಗೆ 18.36 ಯೂರೊ. ಯಾರು ಏನು ನೋಡುತ್ತಾರೆ ಎಂದು ಪತ್ತೆ ಮಾಡುವ ಕೆಲಸವೇ ಅಲ್ಲಿಲ್ಲ. ಫ್ರಾನ್ಸ್ 2022ರಲ್ಲಿ 138 ಯೂರೊಗಳ ಶುಲ್ಕ ರದ್ದುಮಾಡಿ ಮೌಲ್ಯವರ್ಧಿತ ತೆರಿಗೆಯ ಒಂದು ಪಾಲು ಕೊಡತೊಡಗಿತು. ಜಪಾನಿನ ಎನ್‌ಎಚ್‌ಕೆ 2023ರ ಅಕ್ಟೋಬರ್‌ನಲ್ಲಿ ಶುಲ್ಕವನ್ನು ಶೇ 10ರಷ್ಟು ಇಳಿಸಿ, ಅದೇ ಡಿಸೆಂಬರ್‌ನಲ್ಲಿ ಉಪಗ್ರಹ ವಾಹಿನಿಗಳನ್ನು ಕಡಿಮೆ ಮಾಡಿತು. ಭಾರತದಲ್ಲೂ ರೇಡಿಯೊ, ಟಿ.ವಿ. ಲೈಸೆನ್ಸ್ ಇತ್ತು, ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಅದು ಹೋಯಿತು. 1997ರಲ್ಲಿ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆಯಾಗಿ ಬಂದರೂ ಆಕಾಶವಾಣಿ, ದೂರದರ್ಶನಗಳ ಸಂಬಳ ಮುಖ್ಯವಾಗಿ ಕೇಂದ್ರದ ಅನುದಾನದಿಂದಲೇ ಬರುತ್ತದೆ. ವಸೂಲಿಯ ತಲೆನೋವು ಇಲ್ಲ. ಆದರೆ ಅನುದಾನ ಕೊಡುವ ಸರ್ಕಾರವನ್ನೇ ಪ್ರಶ್ನಿಸಬೇಕಾದಾಗ ಸುದ್ದಿಮನೆಯ ಧೈರ್ಯ ಎಷ್ಟಿರುತ್ತದೆ ಎಂಬುದು ಇಲ್ಲಿನ ಕೇಳುಗರಿಗೆ ಗೊತ್ತು. ಬ್ರಿಟನ್ನಿನಲ್ಲಿ ಸಾಮಾನ್ಯ ತೆರಿಗೆಯ ದಾರಿಯನ್ನು ವಿರೋಧಿಸುವವರು ಎತ್ತುವುದೂ ಇದೇ ಆಕ್ಷೇಪ.

2027ರ ಗಡುವು

ಬಿಬಿಸಿಯ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅದರ ನವೀಕರಣಕ್ಕೆ ಸರ್ಕಾರ 2025ರ ಡಿಸೆಂಬರ್‌ನಲ್ಲಿ ಸಮಾಲೋಚನಾ ಪತ್ರ ಹೊರಡಿಸಿತು. ಶುಲ್ಕದ ಸುಧಾರಣೆ, ಒಂದಿಷ್ಟು ಜಾಹೀರಾತು, ಕೆಲವು ಕಾರ್ಯಕ್ರಮಗಳಿಗೆ ಚಂದಾ ಇವು ಚರ್ಚೆಯಲ್ಲಿವೆ. ಸಾಮಾನ್ಯ ತೆರಿಗೆಯಿಂದ ಹಣ ಕೊಡುವುದನ್ನು ಸರ್ಕಾರ ಬೇಡವೆಂದಿದೆ, ಜರ್ಮನಿಯಂಥ ಮನೆವಂತಿಗೆಯತ್ತಲೂ ಒಲವು ತೋರಿಲ್ಲ. ಸಂಸ್ಥೆ ಈ ಮಾತುಕತೆಗೆ ಕುಳಿತಿರುವುದು ದುರ್ಬಲ ಗಳಿಗೆಯಲ್ಲಿ: ಟ್ರಂಪ್ ಭಾಷಣವನ್ನು ‘ಪನೋರಮಾ’ ಕಾರ್ಯಕ್ರಮದಲ್ಲಿ ತಪ್ಪಾಗಿ ಸಂಕಲಿಸಿದ ವಿವಾದದಲ್ಲಿ ಮಹಾನಿರ್ದೇಶಕ ಟಿಮ್ ಡೇವಿ 2025ರ ನವೆಂಬರ್‌ನಲ್ಲಿ ರಾಜೀನಾಮೆ ಘೋಷಿಸಿದರು. ಕಟ್ಟಲೋ ಬೇಡವೋ ಎಂದು ಯೋಚಿಸುತ್ತಿದ್ದವರಿಗೆ ಅದು ಇನ್ನೊಂದು ಕಾರಣ ಕೊಟ್ಟಿತು.

ಮನೆವಂತಿಗೆಯನ್ನು ಇಷ್ಟು ಬೇಗ ಬದಿಗಿಟ್ಟದ್ದು ತಪ್ಪು ಎಂದೇ ಹೇಳಬೇಕು. ಬಾಗಿಲು ತಟ್ಟುವ ವೆಚ್ಚ, ಮಹಿಳೆಯರ ಮೇಲಿನ ಮೊಕದ್ದಮೆ, ಫೋನಿನಲ್ಲಿ ಓಡುವುದು ಲೈವೋ ಅಲ್ಲವೋ ಎಂಬ ಜಗಳ ಮೂರನ್ನೂ ಒಟ್ಟಿಗೆ ನಿಲ್ಲಿಸಬಲ್ಲ ದಾರಿ ಅದೊಂದೇ. ನೋಡದವರೂ ಕಟ್ಟಬೇಕಾಗುತ್ತದೆ ಎಂಬುದು ಅದರ ದೊಡ್ಡ ಕಹಿ, ಬಡ ಮನೆಗಳಿಗೆ ವಿನಾಯಿತಿ ಇಡದಿದ್ದರೆ ಈಗಿರುವ ಅನ್ಯಾಯವೇ ಬೇರೆ ಹೆಸರಿನಲ್ಲಿ ಮುಂದುವರಿಯುತ್ತದೆ. ಅಷ್ಟನ್ನು ಮೊದಲೇ ಕಾನೂನಿನಲ್ಲಿ ಬರೆದುಕೊಳ್ಳಬಹುದು.

ಅದಾಗದಿದ್ದರೆ ಹೆಚ್ಚು ಸಂಭವವಿರುವುದು ಅರೆಬರೆ ದಾರಿ: ಶುಲ್ಕ ಉಳಿಯುತ್ತದೆ, ಐಪ್ಲೇಯರ್ ಖಾತೆಯನ್ನು ಲೈಸೆನ್ಸಿನೊಂದಿಗೆ ತಾಳೆ ನೋಡುವ ಕ್ರಮ ಬರುತ್ತದೆ. ಅದರಿಂದ 55 ಕೋಟಿಯ ಬಾಕಿಯಲ್ಲಿ ಒಂದಷ್ಟು ವಸೂಲಾದೀತು. ಐಪ್ಲೇಯರನ್ನೇ ತೆರೆಯದ, ಲೈವ್ ಟಿ.ವಿ. ಬಿಟ್ಟ ಮನೆಗಳು ಮಾತ್ರ ಆಗಲೂ ಈ ಲೆಕ್ಕದಿಂದ ಹೊರಗೇ ಇರುತ್ತವೆ.